ಮೂರನೇ ಕಿಂಡಿ

ನರಗುಂದದ ಶಶಿಕಾಂತ ರಾಜೂರಿಗೆ ಬಂದು ಬಾಷಾಸಾಬ ಗೌಂಡಿಯ ಮನೆ ಎಲ್ಲಿ ಎಂದು ಕೇಳುವ ಹೊತ್ತಿಗೆ ಗೌಂಡಿ ತೀರಿಹೋಗಿ ಏಳು ವರ್ಷವಾಗಿತ್ತು. ಅಂಗಳದಲ್ಲಿ ಅವನ ಹೆಂಡತಿ ಕಾಶೀಂಬಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ಮೊಣಕಾಲು ಮಡಚಲು ಬಾರದು, ಕೈ ಮಾತ್ರ ಇನ್ನೂ ಗಟ್ಟಿ. ಬಂದವನ ಕಣ್ಣು ಮೊದಲು ಮನುಷ್ಯರ ಮೇಲೆ ಬೀಳದೆ ಮನೆಯ ಗೋಡೆಯ ಮೇಲೆ ಬಿದ್ದದ್ದನ್ನು ನೋಡಿ, ಇವನು ಕಟ್ಟಡದ ಕೆಲಸದವನೇ ಎಂದು ಆಕೆ ತಿಳಿದುಕೊಂಡಳು.

“ಬಾಷಾಸಾಬ ಗೌಂಡಿಯವರ ಮನಿ ಇದ ಏನ್ರಿ?”

“ಮನಿ ಇದ. ಗೌಂಡಿ ಇಲ್ಲ. ಹೋಗಿ ಏಳ ವರ್ಷಾತು.”

ಶಶಿಕಾಂತ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ. ಇಷ್ಟು ದೂರ ಬಂದದ್ದು ದಂಡವಾಯಿತೆಂಬುದು ಅವನ ಮುಖದ ಮೇಲೇ ಇತ್ತು. ಕೊಟ್ಟ ನೀರು ಕುಡಿದು, ಏಳುವ ಮೊದಲು ಸುಮ್ಮನೆ ಹೇಳಿದ:

“ಹಳದೀಗುಡ್ಡದ ದೀಪಸ್ತಂಭದ ಕೆಲಸಕ್ಕ ಹುಡುಕ್ಕೊಂತ ಬಂದಿದ್ದೆರಿ. ಕುಮಟಾದ ಆಚಿ ಕಡೆ, ಸಮುದ್ರದ ದಂಡಿಗೆ.”

ಕಾಶೀಂಬಿಯ ಕೈ ನಿಂತಿತು.

“ಇನ್ನೂ ನಿಂತೈತೇನು ಅದು?”

“ನಿಂತೈತ್ರಿ. ನೂರೈವತ್ತ ವರ್ಷ ದಾಟೇತಿ. ಆದ್ರ ಈಗ ಕೈ ಹಚ್ಚಲಿಲ್ಲಂದ್ರ ಭಾಳ ದಿನ ನಿಲ್ಲಂಗಿಲ್ಲ.”

ಅವನು ಆ ಕೆಲಸದ ಇಂಜಿನಿಯರ್. ಹಿಂದೆ ಯಾರೋ ಆ ಕಂಬದ ಹಳೆಯ ಗಚ್ಚಿನ ಮೇಲೆ ಸಿಮೆಂಟು ಬಳಿದುಬಿಟ್ಟಿದ್ದರು. ಗೋಡೆಗೆ ಉಸಿರಾಡಲು ದಾರಿಯಿಲ್ಲದೆ ಸಮುದ್ರದ ಉಪ್ಪು ಒಳಗೇ ಕೂತು ಕಲ್ಲನ್ನು ತಿನ್ನುತ್ತಿತ್ತು. ಸಿಮೆಂಟು ಕೆತ್ತಿ ತೆಗೆದು ಮತ್ತೆ ಸುಣ್ಣದ ಗಚ್ಚನ್ನೇ ಹಚ್ಚಬೇಕೆಂದು ಮೇಲಿನವರು ಒಪ್ಪಿದ್ದರು. ಹಳೆಯ ಗಚ್ಚಿನ ಚೂರು ಪರೀಕ್ಷೆಗೆ ಕಳಿಸಿ, ಅದರಲ್ಲಿ ಏನೇನಿದೆಯೆಂದು ಬರೆಸಿಕೊಂಡು, ಹಾಗೆಯೇ ಕಲಸಿ ಹಚ್ಚಿದರು. ಹದಿನೈದು ದಿನಕ್ಕೆ ಅದು ಬೇಸಿಗೆಯ ಕೆರೆಯ ತಳದಂತೆ ಬಿರಿಯಿತು. ಕೊನೆಗೆ ಹಳೆಯ ಕಾಗದಗಳಲ್ಲಿ ಒಂದು ಹೆಸರು ಸಿಕ್ಕಿತು: ಬಾಷಾಸಾಬ, ಗೌಂಡಿ, ರಾಜೂರ, ತಾಲೂಕು ರೋಣ.

“ಬೆಲ್ಲದ ನೀರ ಹಾಕಿದ್ರೇನು?” ಕಾಶೀಂಬಿ ಕೇಳಿದಳು.

“ಹಾಕೀವ್ರಿ. ಅಳಲೇಕಾಯಿ ನೀರೂ ಹಾಕೀವಿ.”

“ಹುಳಿ ಬಂದಿತ್ತೇನು?”

“ಹುಳಿ ಯಾಕ ಬರಬೇಕ್ರಿ?”

ಆಕೆಗೆ ನಗು ಬಂತು. “ಸೀ ನೀರ ಹಾಕಿದ್ರ ಇರಬಿ ಓಡಿ ಬರ್ತಾವ ತಮ್ಮಾ, ಗಚ್ಚ ಬರಂಗಿಲ್ಲ. ನಮ್ಮ ಕಡೆ ಚಳಿಗಾಲದಾಗ ಎಂಟ ದಿನ ಕೊಳೀಬೇಕು. ಅಲ್ಲಿ ಹವಾ ಹಸಿ, ಮೂರ ದಿನಕ್ಕ ಹುಳಿ ಬರತೈತಿ. ನಾಕನೇ ದಿನಕ್ಕ ಬಿಟ್ರ ಕೆಟ್ಟಹೋತು. ನಾಲಿಗಿಗೆ ಹಚ್ಚಿ ನೋಡಬೇಕು.”

ಶಶಿಕಾಂತ ಕೂತಲ್ಲೇ ಮುಂದೆ ಸರಿದ. “ಇದೆಲ್ಲಾ ನಿಮಗ ಹ್ಯಾಂಗ ಗೊತ್ತು ಚಾಚಿ?”

“ಗ್ವಾಡಿಗೆ ಹಚ್ಚಾಂವ ಅಂವ. ಅಂವ ಹಚ್ಚೂದನ್ನ ಮಾಡಾಕಿ ನಾನು. ಕಾಗದದಾಗ ನನ್ನ ಹೆಸರ ಬರದಿಲ್ಲೇನು?”

ಬರೆದಿರಲಿಲ್ಲ. ಶಶಿಕಾಂತ ತಲೆ ತಗ್ಗಿಸಿದ. ಆಮೇಲೆ, ನೀವೇ ಬರ್ತೀರೇನ್ರಿ ಎಂದು ಕೇಳಿದ. ಕಾಶೀಂಬಿ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಬರ್ತೀನಿ. ಗಚ್ಚ ಮಾಡಿ ಕೊಡತೀನಿ, ನಿನ್ನ ಮಂದಿಗೆ ಕಲಿಸೂ ಕೊಡತೀನಿ. ಆದ್ರ ಒಂದ ಮಾತು. ನನ್ನ ಮ್ಯಾಲ ಹತ್ತಸಬೇಕು. ತುದೀ ಮಟಾ.”

“ನೂರಾ ಹದಿನೆಂಟ ಮೆಟ್ಲ ಅದಾವ್ರಿ!”

“ಗೊತ್ತೈತಿ.”

“ಹಿಂದ ಒಮ್ಮಿ ಹತ್ತಿದ್ರೇನು?”

“ಹತ್ತಿದಾಂವ ಎಣಿಸಿ ಹೇಳ್ಯಾನ” ಎಂದಳು ಕಾಶೀಂಬಿ.

ನಲವತ್ತೈದು ವರ್ಷದ ಹಿಂದಿನ ಮಾತು ಅದು. ಕಂಬಕ್ಕೆ ಹೊಸದಾಗಿ ಗಚ್ಚು ಹಚ್ಚಲು ರಾಜೂರಿನಿಂದ ಎಂಟು ಜನರ ತಂಡ ಲಾರಿಯಲ್ಲಿ ಹಳದೀಗುಡ್ಡಕ್ಕೆ ಹೋಗಿತ್ತು. ಐವರು ಗಂಡಸರು, ಮೂವರು ಹೆಂಗಸರು. ಕಾಶೀಂಬಿ ಆಗ ಮದುವೆಯಾಗಿ ಎರಡು ವರ್ಷವಾಗಿದ್ದ ಹುಡುಗಿ. ಹೆಂಗಸರು ಕಂಬದ ಬುಡದಲ್ಲಿ ಚಿಪ್ಪಿನ ಸುಣ್ಣ ಅರಳಿಸಬೇಕು, ಮರದ ಬಡಿಗೆಯಿಂದ ಗಚ್ಚು ಬಡಿಯಬೇಕು, ಬುಟ್ಟಿಗೆ ತುಂಬಿ ಹಗ್ಗಕ್ಕೆ ಕಟ್ಟಬೇಕು. ಬುಟ್ಟಿ ಮೇಲೆ ಹೋಗುತ್ತಿತ್ತು, ಬುಟ್ಟಿ ತುಂಬಿದವರು ಹೋಗುವ ಹಾಗಿರಲಿಲ್ಲ. ಹೆಂಗಸರು ದೀಪದ ಕಂಬ ಹತ್ತಬಾರದೆಂದು ಗುತ್ತಿಗೆದಾರ ಬಾಗಿಲಲ್ಲೇ ಅಡ್ಡ ನಿಂತಿದ್ದ. ಏಳು ತಿಂಗಳು ಆಕೆ ಆ ಬಾಗಿಲಿನ ಕತ್ತಲೆಯನ್ನಷ್ಟೇ ನೋಡಿದಳು.

ಮೊದಲ ದಿನ ಸಂಜೆ ಬಾಷಾಸಾಬ ಬಾವಿಯಲ್ಲಿ ಕೈಕಾಲು ತೊಳೆದು ಬಂದಾಗ, “ಮ್ಯಾಲಿಂದ ಏನ ಕಾಣತೈತಿ?” ಎಂದು ಕೇಳಿದಳು. ಅವನು ಮುಖ ಒರೆಸಿಕೊಳ್ಳುತ್ತ, “ಎರಿ ಹೊಲ ಕಂಡಂಗ ಕಾಣತೈತಿ ಸಮುದ್ರ. ದೋಣಿಗೋಳು ಇರಬಿ ಹರದಾಡಿದಂಗ” ಎಂದ. ಅಂದಿನಿಂದ ದಿನವೂ ಆಕೆ ಕೇಳುವುದು, ಅವನು ಹೇಳುವುದು. ದೂರದಲ್ಲಿ ಹೋಗುವ ಹಡಗು ಮೊದಲು ಹೊಗೆ ತೋರಿಸಿ ಆಮೇಲೆ ಮೈ ತೋರಿಸುತ್ತದೆ. ಊರಿನ ತೆಂಗಿನ ತಲೆಗಳೆಲ್ಲ ಮೇಲಿನಿಂದ ಹೆಣೆದ ಈಚಲ ಚಾಪೆಯಂತೆ. ಕೆಲಸ ಮುಗಿದ ದಿನ ಗುತ್ತಿಗೆದಾರನ ಕಣ್ಣು ತಪ್ಪಿಸಿ ನಿನ್ನನ್ನೂ ಹತ್ತಿಸುತ್ತೇನೆ ಎಂದಿದ್ದ. ಆ ವರ್ಷ ಮಳೆ ಎರಡು ವಾರ ಮೊದಲೇ ಬಂತು. ಲಾರಿಯವನು ಈಗಲೇ ಹತ್ತಿ ಎಂದ; ಹತ್ತಿದರು. ಗುಡ್ಡ ಇಳಿಯುವ ತನಕ ಆಕೆ ಹಿಂದಕ್ಕೆ ನೋಡುತ್ತ ಕೂತಿದ್ದಳು.

ಊರಿಗೆ ಬಂದ ಮೇಲೂ ಮಾತು ನಿಲ್ಲಲಿಲ್ಲ. ಜೋಳದ ರೊಟ್ಟಿ ಬಡಿಯುವಾಗ, ಸವಡಿಯ ಸಂತೆಯಿಂದ ನಡೆದು ಬರುವಾಗ, ಮಗಳು ಶಹನಾಜ ಜ್ವರ ಬಂದು ಮಲಗಿದ್ದಾಗ, ಆ ಕಂಬದ ತುದಿಯಿಂದ ಕಂಡ ಸಮುದ್ರವನ್ನು ಬಾಷಾಸಾಬ ಹೇಳುತ್ತಲೇ ಇದ್ದ. ವರ್ಷ ಕಳೆದಂತೆ ಹಡಗುಗಳು ಹೆಚ್ಚಾದವು. ಕಾಶೀಂಬಿ ಅದನ್ನು ಗಮನಿಸಿದ್ದಳು, ಬೇಸರಿಸಲಿಲ್ಲ. ಕಡೆಯ ಸಲ ಗಜೇಂದ್ರಗಡದ ದವಾಖಾನೆಯಲ್ಲಿ, “ನಿನ್ನ ಒಮ್ಮಿ ಕರಕೊಂಡ ಹೋಗಬೇಕಿತ್ತು” ಎಂದ. “ಆರಾಮಾಗು, ಹೋಗೂಣು” ಎಂದಿದ್ದಳು ಆಕೆ.

ಈಗ ಅವನಿಲ್ಲ. ಅವನು ನಿಂತ ಜಾಗದಲ್ಲಿ ಒಂದು ಸಲ ನಿಲ್ಲಬೇಕು, ಅವನು ಕಂಡದ್ದನ್ನು ತಾನೂ ಕಾಣಬೇಕು. ಆಕೆಗೆ ಉಳಿದಿದ್ದ ಆಸೆ ಅದೊಂದೇ.

ಗಜೇಂದ್ರಗಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಗಳು ಸುದ್ದಿ ಕೇಳಿ ಮರುದಿನವೇ ಬಂದು ಹಾರಾಡಿದಳು.

“ಪಾಯಖಾನಿಗೆ ಹೋಗಾಕ ಎರಡ ಮೆಟ್ಲ ಹತ್ತಿದ್ರ ಯಾ ಅಲ್ಲಾ ಅಂತಿ. ಅಲ್ಲಿ ಹೋಗಿ ಏನ ಮಾಡಾಕಿ ಅಮ್ಮೀ? ಸಮುದ್ರ ನೋಡಬೇಕಂದ್ರ ಮೊಬೈಲಿನ್ಯಾಗ ತೋರಸ್ತೀನಿ ತಗೋ, ಎಷ್ಟ ಬೇಕಷ್ಟ.”

“ಮೊಬೈಲಿನ್ಯಾಗ ನಿಮ್ಮಪ್ಪ ನಿಂತಿಲ್ಲಲ್ಲ.”

ಪಕ್ಕದ ಮನೆಯ ಗುಡ್ಡವ್ವ ಗೋಡೆಯ ಮೇಲಿನಿಂದ ತಲೆ ಹಾಕಿದಳು. ಆಕೆ ಅಮಾವಾಸ್ಯೆಗೆ ತಪ್ಪದೆ ಇಟಗಿಗೆ ಹೋಗಿ ಭೀಮವ್ವನಿಗೆ ಕಾಯಿ ಒಡೆಸಿ ಬರುವ ಹೆಂಗಸು. “ದೀಪದ ಕಂಬ ಅಂದ್ರ ಯಾವ ದೇವರದಬೇ ಕಾಶೀಂಬಿ?” ಎಂದು ಕೇಳಿದಳು.

“ಯಾವ ದೇವರದೂ ಅಲ್ಲಬೇ. ಹಡಗಿನವರದು.”

“ದೇವರಿಲ್ಲದ ದೀಪದ ಕಂಬಾ? ಮತ್ತ ಎಣ್ಣಿ ಯಾರ ಹಾಕತಾರು?”

“ಸರಕಾರ.”

“ಹಂಗಾರ ಆರಿದ್ದಾತು” ಎಂದಳು ಗುಡ್ಡವ್ವ. ಶಹನಾಜಳೂ ನಕ್ಕಳು. ನಕ್ಕ ಮೇಲೆ ಸಿಟ್ಟು ಹಿಡಿದಿಡಲಾಗದೆ, ತಾನೂ ಜೊತೆಗೆ ಬರುವುದಾಗಿ ಹೇಳಿ ಅಂಗಡಿಗೆ ಬೀಗ ಹಾಕಿದಳು.

ಹಳದೀಗುಡ್ಡದಲ್ಲಿ ಅವರು ಇಳಿದಾಗ ಕಂಬದ ಸುತ್ತ ಬಿದಿರಿನ ಅಟ್ಟ ಕಟ್ಟಿತ್ತು. ಸಿಮೆಂಟು ಕೆತ್ತಿದ ಕಡೆ ಒಳಗಿನ ಕೆಂಪು ಕಲ್ಲು ಕಾಣುತ್ತಿತ್ತು. ಕಾವಲಿನ ಬೊಮ್ಮಯ್ಯ ಹರಿಕಂತ್ರ ಎಂಬ ಹಿರಿಯ ಗೇಟು ತೆಗೆದ. ಅಮ್ಮ ತುದಿಗೆ ಹತ್ತಲಿಕ್ಕೆ ಬಂದಿದ್ದಾರೆಂದು ಶಶಿಕಾಂತ ಹೇಳಿದಾಗ ಬೊಮ್ಮಯ್ಯ ಆಕೆಯ ಕಾಲು ನೋಡಿದ. “ಎಂತಕ್ಕೆ ಹತ್ತುದು ಅಮ್ಮಾ? ಕೆಳಗಿಂದ ನೋಡ್ರೂ ಅದೇ ಸಮುದ್ರ” ಎಂದ.

ಮೊದಲು ಗಚ್ಚು, ಆಮೇಲೆ ಹತ್ತುವುದು ಎಂದು ಕಾಶೀಂಬಿಯೇ ಹೇಳಿದಳು. ಬೆಲ್ಲ, ಅಳಲೇಕಾಯಿ ನೆನೆಸಿದ ನೀರಿನ ಹಂಡೆಯ ಬಾಯಿಗೆ ಬಟ್ಟೆ ಕಟ್ಟಿಸಿ ದಿನಕ್ಕೆರಡು ಸಲ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದಳು. ಮೂರನೆಯ ದಿನ ಮಧ್ಯಾಹ್ನ, “ಈಗ ಬಂತು. ಲಗೂ ಮಾಡ್ರಿ” ಎಂದಳು. ಸಮುದ್ರದ ದಂಡೆಯ ಮರಳು ಬೇಡವೆಂದು ಹೊಳೆಯ ಮರಳು ತರಿಸಿ ಉಪ್ಪಿನ ಅಂಶ ಹೋಗುವ ತನಕ ತೊಳೆಸಿದಳು. ಶಶಿಕಾಂತನ ಬಳಿ ಅರೆಯುವ ಯಂತ್ರ ಇತ್ತು. ಆಕೆ ಒಪ್ಪಿದಳು, ಆದರೆ ಯಂತ್ರದಿಂದ ತೆಗೆದ ಮೇಲೆ ಬಡಿಗೆಯಿಂದ ಬಡಿಯಲೇಬೇಕು ಎಂದಳು. ಊರಿನ ನಾಲ್ವರು ಹೆಂಗಸರು ಬಡಿಯಲು ಕೂತರು. ಕುರ್ಚಿಯ ಮೇಲೆ ಕೂತ ಕಾಶೀಂಬಿ ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದಳು. ಬಡಿತ ಚಪ್ಪಳೆಯಂತೆ ಕೇಳಿದರೆ ಇನ್ನೂ ಆಗಿಲ್ಲ. ಮೆತ್ತಗೆ, ಎಮ್ಮೆಯ ಬೆನ್ನು ತಟ್ಟಿದಂತೆ ಕೇಳಬೇಕು. ಗಚ್ಚು ಬಳಿಯುವ ಕರಣಿಯ ಮೇಲೆ ಒಂದು ಮುದ್ದೆ ಇಟ್ಟು ಕರಣಿಯನ್ನು ತಲೆಕೆಳಗು ಮಾಡಿದಳು. ಬೀಳಲಿಲ್ಲ.

ಅದನ್ನು ಬುಡದ ಗೋಡೆಗೆ ಒಂದು ಬಾಗಿಲಿನಷ್ಟು ಅಗಲ ಹಚ್ಚಿದರು. ಒದ್ದೆ ಗೋಣಿ ಹೊದಿಸಿ ಕಾದರು. ಹದಿನೈದು ದಿನ, ಹದಿನೆಂಟು ದಿನ. ಒಂದು ಕೂದಲಿನಷ್ಟೂ ಬಿರುಕಿಲ್ಲ. ಶಶಿಕಾಂತ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಬಗ್ಗಿ ಆಕೆಯ ಕಾಲು ಮುಟ್ಟಿದ.

“ಕಾಲ ಆಮ್ಯಾಲ ಮುಟ್ಟು. ಈಗ ಅದರ ಮ್ಯಾಲ ಕೆಲಸ ಐತಿ” ಎಂದಳು ಕಾಶೀಂಬಿ.

ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರು ಮಾಡಿದರು. ಮುಂದೆ ಕಾಶೀಂಬಿ, ಹಿಂದೆ ಶಶಿಕಾಂತ, ಅವನ ಹಿಂದೆ ಬೈಯುತ್ತ ಶಹನಾಜ. ಕಲ್ಲಿನ ಮೆಟ್ಟಿಲು ಗೋಡೆಗೆ ಸುತ್ತಿಕೊಂಡು ಮೇಲೆ ಹೋಗಿತ್ತು, ನಡುವೆ ಬಾವಿಯಂಥ ಪೊಳ್ಳು. ಗೋಡೆಯಲ್ಲಿ ಇಷ್ಟಿಷ್ಟು ದೂರಕ್ಕೊಂದು ಉದ್ದನೆಯ ಕಿಂಡಿ. ಒಳಗಿನ ಗಚ್ಚಿಗೆ ಯಾರೂ ಸಿಮೆಂಟು ಬಳಿದಿರಲಿಲ್ಲ. ನಲವತ್ತೈದು ವರ್ಷದ ಹಿಂದೆ ಹಚ್ಚಿದ್ದು ಹಾಗೆಯೇ ಇತ್ತು.

ಮೊದಲ ಕಿಂಡಿಯ ಬೆಳಕು ಗೋಡೆಯ ಮೇಲೆ ಅಡ್ಡ ಬಿದ್ದಿತ್ತು. ಕಾಶೀಂಬಿ ನಿಂತಳು. ಗಚ್ಚಿನ ಮೇಲ್ಮೈಯಲ್ಲಿ, ಆಕಳು ಕರುವನ್ನು ನೆಕ್ಕಿದಾಗ ಮೈಮೇಲೆ ಮೂಡುವ ಗೆರೆಗಳಂಥ ಬಾಗಿದ ಗೆರೆಗಳಿದ್ದವು. ಕಡೆಯ ಸಲ ಕರಣಿ ಎಳೆದ ಗುರುತು. ಎಲ್ಲ ಗೌಂಡಿಗಳ ಗೆರೆ ಎಡದ ಬುಡದಿಂದ ಬಲದ ತುದಿಗೆ ಏರುತ್ತದೆ. ಈ ಗೆರೆಗಳು ಬಲದಿಂದ ಎಡಕ್ಕೆ ಏರಿದ್ದವು.

“ಬಾ ಇಲ್ಲೆ, ಶಹನಾಜ. ನೋಡು, ನಿಮ್ಮಪ್ಪನ ಕೈ.”

“ಗ್ವಾಡಿ ಐತಿ ಅಮ್ಮೀ.”

“ಎಡಚ ಇದ್ದನಲ್ಲ ಅಂವ. ರಾಜೂರಾಗ ಎಡಗೈಲೆ ಕರಣಿ ಹಿಡಿಯಾಂವ ಅಂವ ಒಬ್ಬನ ಇದ್ದ. ಮುಟ್ಟಿ ನೋಡು.”

ಶಹನಾಜ ಮುಟ್ಟಿದಳು. ಅವಳ ಬೈಗುಳ ನಿಂತಿತು.

ಅಲ್ಲಿಂದ ಕಾಶೀಂಬಿಗೆ ಮೊಣಕಾಲಿನ ನೋವು ಮರೆತಂತಾಯಿತು. ಬಲಗೈ ಕೋಲಿನ ಮೇಲೆ, ಎಡಗೈ ಗೋಡೆಯ ಮೇಲೆ. ಗೆರೆಗಳ ಜೊತೆಗೇ ಹತ್ತಿದಳು. ಹತ್ತು ಮೆಟ್ಟಿಲಿಗೊಮ್ಮೆ ಕೂರುವುದು, ಮತ್ತೆ ಏಳುವುದು. ಅವನು ಇಲ್ಲಿ ಕೈ ಬೀಸಿದ್ದಾನೆ, ಇಲ್ಲಿ ಕಿಂಡಿಯ ಮೂಲೆಗೆ ಹೆಬ್ಬೆರಳಿನಿಂದ ಒತ್ತಿದ್ದಾನೆ. ಎರಡನೆಯ ಕಿಂಡಿ ದಾಟಿತು. ಮೂರನೆಯ ಕಿಂಡಿ ಬಂತು.

ಮೂರನೆಯ ಕಿಂಡಿಯ ಆಚೆ ಗೆರೆಗಳು ತಿರುಗಿಬಿಟ್ಟಿದ್ದವು.

ಆಕೆ ಅಂಗೈಯನ್ನು ಮತ್ತೊಮ್ಮೆ ಆಡಿಸಿದಳು. ಎಡದಿಂದ ಬಲಕ್ಕೆ. ಬೇರೆಯವರ ಕೈ. ಅವನಿಗೆ ಒಂದು ದಿನ ಮೈಯಲ್ಲಿ ಆರಾಮಿರಲಿಲ್ಲವೇನೋ ಎಂದುಕೊಂಡು ಮುಂದೆ ಹತ್ತಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲವೂ ಬಲಗೈಯವೇ. ಗಟ್ಟಿಯಾಗಿ ಒತ್ತಿ ಎಳೆದ, ಅವಸರದ ಗೆರೆಗಳು. ಇದು ಜಾಕೀರನ ಕೈ ಎಂದು ಆಕೆಗೆ ಅನುಮಾನವೇ ಉಳಿಯಲಿಲ್ಲ. ಜಾಕೀರ ಬಾಷಾಸಾಬನ ಗೆಳೆಯ, ತಂಡದ ಐವರಲ್ಲಿ ಒಬ್ಬ, ಬಾಯಿಬಡುಕ. ಅವನೂ ಮಣ್ಣಾಗಿ ಬಹಳ ದಿನವಾಗಿತ್ತು.

“ಅಮ್ಮೀ!” ಕೆಳಗಿನಿಂದ ಶಹನಾಜಳ ದನಿ ಬಂತು. ಅದು ಬೈಯುವ ದನಿಯಾಗಿರಲಿಲ್ಲ.

ಕಾಶೀಂಬಿ, ಶಶಿಕಾಂತ ಇಳಿದು ಬಂದು ನೋಡಿದರೆ ಶಹನಾಜ ಮೂರನೆಯ ಕಿಂಡಿಯ ಹತ್ತಿರ ಗೋಡೆಗೆ ಬೆನ್ನು ಒತ್ತಿ ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಎರಡೂ ಅಂಗೈ ಮೆಟ್ಟಿಲಿಗೆ ಊರಿದ್ದವು.

“ಏನಾತು?”

“ನಡುವ ತೆಳಗ ನೋಡಿಬಿಟ್ಟೆ. ಸೆಳದ್ಹಂಗ ಆಗಾಕತ್ತೈತಿ. ನನ್ನ ಕೈಲೆ ಆಗಂಗಿಲ್ಲ ಅಮ್ಮೀ. ನಾ ಇಲ್ಲೇ ಕುಂದರತೀನಿ.”

ಬಿಗಿಯಾಗಿ ಮುಚ್ಚಿದ ಕಣ್ಣು, ಮೇಲ್ತುಟಿಯ ಮೇಲೆ ಸಾಲಾಗಿ ಬೆವರು. ಕಾಶೀಂಬಿ ಮಗಳ ಮುಖವನ್ನೇ ನೋಡುತ್ತ ನಿಂತಳು. ಈ ಮುಖವನ್ನು ಮೊದಲು ಕಂಡಿದ್ದಳು. ಮನೆಯ ಮಾಳಿಗೆಗೆ ಮಣ್ಣು ಹಾಕುವಾಗ ಬಾಷಾಸಾಬ ಏಣಿಯ ಬುಡ ಹಿಡಿದು ನಿಂತು, ನೀ ಹತ್ತು, ನನಗ ಭುಜ ನೋಯತೈತಿ ಎನ್ನುತ್ತಿದ್ದ. ರೋಣದಲ್ಲಿ ಮಸೀದಿಯ ಮಿನಾರದ ಕೆಲಸ ಬಂದಾಗ ಒಲ್ಲೆ ಎಂದು ಜಾಕೀರನನ್ನು ಕಳಿಸಿದ್ದ. ಮಗಳ ಮದುವೆಯಲ್ಲಿ ಚಪ್ಪರದ ಮೇಲೆ ಹತ್ತಿದವನು ನಡುವೆಯೇ ಇಳಿದು ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತಿದ್ದ. ಆಗೆಲ್ಲ ಈ ಮುಖವೇ. ಅವನ ಹೊಟ್ಟೆಗೆ ಯಾವಾಗ ಹಸಿವೆ ಎಂಬುದು ಆಕೆಗೆ ಅವನಿಗಿಂತ ಮೊದಲು ತಿಳಿಯುತ್ತಿತ್ತು. ಇದು ಮಾತ್ರ ತಿಳಿದಿರಲಿಲ್ಲ.

ಹಳದೀಗುಡ್ಡದಲ್ಲಿ ಸಂಜೆ ಬಾವಿಯ ಹತ್ತಿರ ಜಾಕೀರ, ಬಾಷಾಸಾಬ ಇಬ್ಬರೇ ಎಲ್ಲರಿಗಿಂತ ತಡವಾಗಿ ಬರುತ್ತಿದ್ದದ್ದು ನೆನಪಾಯಿತು. ಮೇಲೆ ಹತ್ತಿದವನು ಹೇಳಿದ್ದನ್ನು ಇನ್ನೊಬ್ಬನು ಹೊತ್ತು ತರುತ್ತಿದ್ದನೇನೋ. ಎರೆ ಹೊಲ, ಇರುವೆಯಂಥ ದೋಣಿ, ಈಚಲ ಚಾಪೆ.

“ಸುಳ್ಳಬುರಕ” ಎಂದಳು ಕಾಶೀಂಬಿ, ಗೋಡೆಗೆ.

“ಏನ್ರಿ ಚಾಚಿ?” ಶಶಿಕಾಂತ ಕೇಳಿದ.

“ನಿನಗಲ್ಲ ತಮ್ಮಾ.”

ಆಕೆ ಅಲ್ಲಿಯೇ, ಮಗಳ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಮೊದಲ ದಿನ ಸಂಜೆ ತಾನೇ ಕೇಳಿದ್ದು, ಮೇಲಿನಿಂದ ಏನು ಕಾಣುತ್ತದೆ ಎಂದು. ಇಪ್ಪತ್ತೇಳು ವರ್ಷದ ಗಂಡಸು ಹೊಸ ಹೆಂಡತಿಗೆ, ನನಗೆ ಅಂಜಿಕೆಯಾಗಿ ಮೂರನೆಯ ಕಿಂಡಿಯಿಂದ ಇಳಿದು ಬಂದೆ ಎಂದು ಹೇಗೆ ಹೇಳಿಯಾನು? ಹೇಳಿದ್ದರೆ ಏನಾಗುತ್ತಿತ್ತು? ಒಂದು ವಾರ ಚೇಷ್ಟೆ ಮಾಡಿ ನಗುತ್ತಿದ್ದಳು, ಅಷ್ಟೇ. ಅಂಜಿಕೆ ಏನು ದೊಡ್ಡದು, ಬಾ ಉಣ್ಣು ಎನ್ನುತ್ತಿದ್ದಳು. ಈಗ ಅದನ್ನು ಅವನಿಗೆ ಹೇಳಬೇಕೆನಿಸಿತು. ಹಳೆಯ ಆಸೆ ಇದರ ಮುಂದೆ ಸಣ್ಣದಾಯಿತು. ಅಂಜಿಕೆ ಏನು ದೊಡ್ಡದು ಎಂದು ಒಂದೇ ಒಂದು ಸಲ, ಅವನ ಕಿವಿಗೆ ಕೇಳುವಂತೆ.

“ಇಳಿಯೂಣೇನ್ರಿ ಚಾಚಿ?” ಶಶಿಕಾಂತ ಮೆಲ್ಲಗೆ ಕೇಳಿದ. “ಭಾಳ ದಣದೀರಿ.”

ಇಳಿಯಬಹುದಿತ್ತು. ಅವನು ನಿಂತ ಜಾಗದಲ್ಲಿ ನಿಲ್ಲಬೇಕೆಂದು ಬಂದವಳು, ಅವನು ನಿಂತ ಜಾಗ ಇದೇ. ಇದರ ಮೇಲೆ ಅವನದೇನೂ ಇಲ್ಲ. ಕಾಶೀಂಬಿ ಕಿಂಡಿಯಲ್ಲಿ ನೋಡಿದಳು. ಬೆರಳಗಲದ ಆಕಾಶ ಕಂಡಿತು, ಅಷ್ಟೇ.

“ಇನ್ನ ಎಷ್ಟ ಮೆಟ್ಲ ಅದಾವು?”

“ಎಪ್ಪತ್ತರ ಮ್ಯಾಲ ಅದಾವ್ರಿ.”

“ನಮ್ಮ ಮನ್ಯಾಗ ಒಬ್ರೂ ನೋಡಿಲ್ಲ ತಮ್ಮಾ” ಎಂದು ಆಕೆ ಕೋಲು ಊರಿ ಎದ್ದಳು. ಮಗಳ ತಲೆಯ ಮೇಲೆ ಕೈಯಿಟ್ಟಳು. “ಕುಂದರು. ತೆಳಗ ನೋಡಬ್ಯಾಡ. ಅಂಜಿಕಿ ಏನ ದೊಡ್ಡದಲ್ಲ.”

ಎಪ್ಪತ್ತು ಮೆಟ್ಟಿಲಿಗೆ ಒಂದು ತಾಸು ಹಿಡಿಯಿತು. ಈಗ ಗೋಡೆ ಮುಟ್ಟಲಿಲ್ಲ, ಶಶಿಕಾಂತನ ಭುಜ ಹಿಡಿದಳು. ಕಡೆಗೆ ಕಬ್ಬಿಣದ ಸಣ್ಣ ಬಾಗಿಲು. ಅವನು ಅದನ್ನು ನೂಕಿದ. ಗಾಳಿ ನುಗ್ಗಿ ಆಕೆಯ ಸೆರಗನ್ನು ಮುಖಕ್ಕೆ ಹಾಕಿತು. ಸೆರಗು ಸರಿಸಿ, ಎರಡೂ ಕೈಯಿಂದ ಕಟಾಂಜನ ಹಿಡಿದು ನಿಂತಳು.

ಎರೆ ಹೊಲದ ಹಾಗೆ ಇರಲಿಲ್ಲ. ಯಾವುದರ ಹಾಗೂ ಇರಲಿಲ್ಲ. ಬುಡದಲ್ಲಿ ತಿಂಗಳಿಂದ ಕಿವಿ ತುಂಬಿದ್ದ ತೆರೆಗಳ ಸಪ್ಪಳ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಬಂಡೆಗೆ ಬಡಿದ ನೀರು ಸದ್ದಿಲ್ಲದೆ ಬೆಳ್ಳಗಾಗಿ ಹಿಂದಕ್ಕೆ ಹೋಗುತ್ತಿತ್ತು. ಆಕೆಗಿಂತ ಕೆಳಗೆ, ಬಹಳ ಕೆಳಗೆ, ಒಂದು ಹದ್ದು ಸುತ್ತು ಹಾಕುತ್ತಿತ್ತು. ಕಂದು ಬೆನ್ನು, ರೆಕ್ಕೆಯ ಮೇಲೆ ಬಿಸಿಲು. ಹುಟ್ಟಿದಾಗಿನಿಂದ ಆಕೆ ಹದ್ದಿನ ಹೊಟ್ಟೆಯನ್ನಷ್ಟೇ ಕಂಡವಳು. ಇದನ್ನು ಯಾರೂ ಹೇಳಿರಲಿಲ್ಲ. ಜಾಕೀರ ನೋಡಿರಲಿಕ್ಕಿಲ್ಲ, ನೋಡಿದ್ದರೂ ಹೇಳಿರಲಿಕ್ಕಿಲ್ಲ.

ಕಂಬದ ಪೊಳ್ಳಿನೊಳಗಿಂದ, ಬಾವಿಯ ತಳದಿಂದ ಬಂದಂತೆ, ಮಗಳ ದನಿ ಏರಿ ಬಂತು.

“ಅಮ್ಮೀ! ಮುಟ್ಟಿದೇನು? ಏನ ಕಾಣತೈತಿ?”

ಕಾಶೀಂಬಿ ಬಾಗಿಲ ಕಡೆ ತಿರುಗಿದಳು. ಕಣ್ಣೊರೆಸಿಕೊಂಡು ಮತ್ತೆ ಕಟಾಂಜನದ ಕಡೆ ಬಂದಳು.

“ತಡಿ” ಎಂದು ಕೂಗಿದಳು. “ಒಂದೊಂದ ಹೇಳತೀನಿ. ಹದ್ದಿನ ಬೆನ್ನ ಕಾಣತೈತಿ.”

“ಏನಂದಿ?”

“ಬೆನ್ನು! ಹದ್ದಿನ ಬೆನ್ನು!”